ಒಂದೇ ಕೇಬಲ್‌ನ ಮಾನಿಟರ್: 60 ಹರ್ಟ್ಸ್ ಬಂದರೆ ಎಸ್‌ಎಸ್‌ಡಿ ನಿಧಾನ, ಎಸ್‌ಎಸ್‌ಡಿ ಸರಿಯಾದರೆ ಚಿತ್ರ 30ಕ್ಕೆ ಇಳಿಯುತ್ತದೆ

ಪುಟವಿನ್ಯಾಸಿ:
ನಮಸ್ಕಾರ. ಧಾರವಾಡದಲ್ಲಿ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಮೇಜಿನ ಮೇಲಿನ ತಂತಿಗಳ ಗೋಜಲು ಸಾಕಾಗಿ, ಟೈಪ್-ಸಿ ಹಬ್ (ಹಲವು ಸಾಧನಗಳನ್ನು ಸಿಕ್ಕಿಸುವ ಕಿಂಡಿಗಳ ಗುಂಪು) ಇರುವ 27 ಇಂಚಿನ ಫೋರ್‌ಕೆ (3840×2160 ಚುಕ್ಕೆಗಳ) ಮಾನಿಟರ್ ತರಿಸಿದ್ದೇನೆ. ಕಂಪನಿಯ ಹೆಸರು ಬೇಡ. ಒಂದೇ ಕೇಬಲ್‌ನಲ್ಲಿ ಚಿತ್ರ, ಚಾರ್ಜಿಂಗ್, ಕೀಬೋರ್ಡ್, ಇಂಟರ್ನೆಟ್, ಹೊರಗಿನ ಎಸ್‌ಎಸ್‌ಡಿ (ಕಡತ ಇಡುವ ವೇಗದ ಡ್ರೈವ್) ಎಲ್ಲವೂ ಬರುತ್ತವೆ ಎಂದು ಡಬ್ಬಿಯ ಮೇಲೆ ಬರೆದಿದೆ.

ಬರುತ್ತಿರುವುದು ಹೀಗೆ: ಮಾನಿಟರ್‌ನ ಮೆನುವಿನಲ್ಲಿ ಯುಎಸ್‌ಬಿ 3.0 ಆರಿಸಿದರೆ ಚಿತ್ರ 30 ಹರ್ಟ್ಸ್‌ಗೆ (ಸೆಕೆಂಡಿಗೆ 30 ಬಾರಿ ಬದಲಾಗುವಷ್ಟಕ್ಕೆ) ಇಳಿದು, ಮೌಸ್ ಬಾಣ ತಡವರಿಸುತ್ತದೆ. ಯುಎಸ್‌ಬಿ 2.0 ಆರಿಸಿದರೆ 60 ಹರ್ಟ್ಸ್ ಬರುತ್ತದೆ, ಆದರೆ ಎಸ್‌ಎಸ್‌ಡಿಯಿಂದ ನಕಲು ಸೆಕೆಂಡಿಗೆ 40 ಎಂಬಿ ದಾಟುವುದಿಲ್ಲ. ಇದರ ಮೇಲೆ, ದೊಡ್ಡ ಪಿಡಿಎಫ್ ರಫ್ತು ಮಾಡುವಾಗ ಚಾರ್ಜಿಂಗ್ ಚಿಹ್ನೆ ಇದ್ದರೂ ಬ್ಯಾಟರಿ ಇಳಿಯುತ್ತದೆ. ಹಿಂದಿರುಗಿಸಲು ಇನ್ನೂ ಅವಕಾಶವಿದೆ. ಮಾನಿಟರ್ ಕೆಟ್ಟಿದೆಯೇ, ಅಥವಾ ನನ್ನ ಆಯ್ಕೆಯೇ ಬೇರೆ ಇರಬೇಕಿತ್ತೇ?

ತಂತಿವಾಹಕ:
ಮಾನಿಟರ್ ಕೆಟ್ಟಂತೆ ಕಾಣುವುದಿಲ್ಲ ಸರ್. ಮೂರು ವಿಷಯ ತಿಳಿಸಿ: ಲ್ಯಾಪ್‌ಟಾಪ್‌ನ ಪ್ರೊಸೆಸರ್ ಯಾವ ತಲೆಮಾರಿನದು, ಅದರ ಸ್ವಂತ ಚಾರ್ಜರ್ ಎಷ್ಟು ವ್ಯಾಟ್, ಮತ್ತು ಈಗ ಹಾಕಿರುವ ಕೇಬಲ್ ಡಬ್ಬಿಯಲ್ಲಿ ಬಂದದ್ದೋ ಹೊರಗಿನದೋ. ಟೈಪ್-ಸಿ ಕಿಂಡಿಯ ಪಕ್ಕದ ಗುರುತನ್ನೂ ನೋಡಿ. ಮಿಂಚಿನ ಗುರುತಿದ್ದರೆ ಥಂಡರ್‌ಬೋಲ್ಟ್ (ಇನ್ನೂ ವೇಗದ ಜೋಡಣೆ), ಡಿ ಮತ್ತು ಪಿ ಬೆಸೆದಂತಿದ್ದರೆ ಡಿಸ್‌ಪ್ಲೇಪೋರ್ಟ್ (ಚಿತ್ರ ಸಾಗಿಸುವ ವಿಧಾನ).

ಪುಟವಿನ್ಯಾಸಿ:
ಇಂಟೆಲ್ 8ನೇ ತಲೆಮಾರು, ಯುಎಚ್‌ಡಿ 620 ಗ್ರಾಫಿಕ್ಸ್. ಚಾರ್ಜರ್ 90 ವ್ಯಾಟ್, ಅದೂ ಟೈಪ್-ಸಿ. ಮಾನಿಟರ್ ಕೊಡುವುದು 65 ವ್ಯಾಟ್ ಎಂದು ಹಾಳೆಯಲ್ಲಿದೆ. ಡಬ್ಬಿಯ ಕೇಬಲ್ ಗಿಡ್ಡವಾದದ್ದರಿಂದ ಅಂಗಡಿಯಿಂದ ಉದ್ದದ್ದೊಂದನ್ನು ತಂದೆ. ಡಿಪಿ ಗುರುತಿದೆ, ಮಿಂಚು ಇಲ್ಲ.

ತಂತಿವಾಹಕ:
ಹಾಗಾದರೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ.

ಟೈಪ್-ಸಿ ಕೇಬಲ್‌ನೊಳಗೆ ವೇಗದ ಪಥಗಳು ನಾಲ್ಕೇ. ಚಿತ್ರವೂ ಯುಎಸ್‌ಬಿ 3 ಕೂಡ ಅವನ್ನೇ ಹಂಚಿಕೊಳ್ಳಬೇಕು. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿಗೆ ಉಳಿಯುವುದು ಪ್ರತ್ಯೇಕವಾಗಿರುವ ಹಳೆಯ 2.0 ತಂತಿ ಮಾತ್ರ: ಸೆಕೆಂಡಿಗೆ 480 ಮೆಗಾಬಿಟ್. ನಿಮಗೆ ಕಾಣುತ್ತಿರುವ 40 ಎಂಬಿ ಬಳಕೆಯಲ್ಲಿ ಅದು ಮುಟ್ಟುವ ಮಿತಿಯೇ. ಎರಡೆರಡಾಗಿ ಹಂಚಿದರೆ ಯುಎಸ್‌ಬಿ 3 ಬರುತ್ತದೆ, ಚಿತ್ರಕ್ಕೆ ಅರ್ಧ ದಾರಿ ಉಳಿಯುತ್ತದೆ.

ಆ ಅರ್ಧ ದಾರಿ ಸಾಕೇ ಎಂಬುದನ್ನು ಮಾನಿಟರ್ ಒಂದೇ ನಿರ್ಧರಿಸುವುದಿಲ್ಲ, ಲ್ಯಾಪ್‌ಟಾಪ್ ಕೂಡ ನಿರ್ಧರಿಸುತ್ತದೆ. ನಿಮ್ಮ ಗ್ರಾಫಿಕ್ಸ್ ಡಿಸ್‌ಪ್ಲೇಪೋರ್ಟ್ 1.2ರದ್ದು. ಅದರಲ್ಲಿ ಎರಡು ಪಥಕ್ಕೆ ಸಿಗುವುದು ಸೆಕೆಂಡಿಗೆ 8.64 ಗಿಗಾಬಿಟ್. ಫೋರ್‌ಕೆ 60 ಹರ್ಟ್ಸ್‌ಗೆ ಹನ್ನೆರಡೂವರೆ ಗಿಗಾಬಿಟ್‌ಗಿಂತ ಹೆಚ್ಚು ಬೇಕು. ಆಗುವುದಿಲ್ಲ, ಆದ್ದರಿಂದ 30ಕ್ಕೆ ಇಳಿಯುತ್ತದೆ. ಡಿಸ್‌ಪ್ಲೇಪೋರ್ಟ್ 1.4ರ ಪೂರ್ಣ ವೇಗ ಎರಡೂ ಕಡೆ ಇದ್ದಿದ್ದರೆ ಎರಡು ಪಥದಲ್ಲಿ 12.96 ಸಿಗುತ್ತಿತ್ತು. ಬಿಗಿಯಾಗಿಯಾದರೂ 8 ಬಿಟ್ ಬಣ್ಣದಲ್ಲಿ ಫೋರ್‌ಕೆ 60 ಹಿಡಿಸುತ್ತಿತ್ತು.

ಇನ್ನು ಚಾರ್ಜಿಂಗ್. ಒಳಗೆ ಗುರುತಿನ ಚಿಪ್ ಇಲ್ಲದ ಟೈಪ್-ಸಿ ಕೇಬಲ್‌ಗೆ 3 ಆಂಪಿಯರ್ ಮೀರಲು ಅನುಮತಿ ಇಲ್ಲ. 20 ವೋಲ್ಟ್‌ಗೆ ಲೆಕ್ಕ ಹಾಕಿದರೆ 60 ವ್ಯಾಟ್. ನಿಮ್ಮ ಉದ್ದದ ಕೇಬಲ್ ಅಂಥದ್ದಾಗಿದ್ದರೆ 65 ಕೂಡ ಪೂರ್ತಿ ದಾಟುತ್ತಿಲ್ಲ. ಡಬ್ಬಿಯ ಕೇಬಲ್ ಹಾಕಿದರೂ 90 ಕೇಳುವ ಲ್ಯಾಪ್‌ಟಾಪ್‌ಗೆ 65ರ ಮಾನಿಟರ್ ದುಡಿಮೆಯ ಹೊತ್ತಿನಲ್ಲಿ ಸಾಲದು. ಅಂಗಡಿಯವರು 'ಚಾರ್ಜ್ ಆಗುತ್ತದೆ' ಎನ್ನುವುದು ಸುಳ್ಳಲ್ಲ. ಮಲಗಿರುವ ಲ್ಯಾಪ್‌ಟಾಪ್ ಚೆನ್ನಾಗಿಯೇ ಚಾರ್ಜ್ ಆಗುತ್ತದೆ.

ನನ್ನ ಸಲಹೆ: ಹಿಂದಿರುಗಿಸಿ, 90 ವ್ಯಾಟ್ ಕೊಡುವ ಕ್ಯೂಎಚ್‌ಡಿ ಮಾನಿಟರ್ ತೆಗೆದುಕೊಳ್ಳಿ. 2560×1440 ಚಿತ್ರ 60 ಹರ್ಟ್ಸ್‌ನಲ್ಲಿ 6 ಗಿಗಾಬಿಟ್‌ನೊಳಗೆ ಮುಗಿಯುತ್ತದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್‌ನ ಎರಡೇ ಪಥದಲ್ಲಿ ಚಿತ್ರ, ಉಳಿದ ಎರಡರಲ್ಲಿ ವೇಗದ ಯುಎಸ್‌ಬಿ.

ಒತ್ತಕ್ಷರ:
ತಂತಿವಾಹಕರ ಲೆಕ್ಕ ಸರಿ, ಸಲಹೆ ಒಪ್ಪಲಾರೆ. ಕೇಳಿದವರು ಕನ್ನಡ ಪುಟ ಕಟ್ಟುವವರು. 27 ಇಂಚಿನಲ್ಲಿ ಕ್ಯೂಎಚ್‌ಡಿ ಎಂದರೆ ಇಂಚಿಗೆ 109 ಚುಕ್ಕೆ, ಫೋರ್‌ಕೆ ಎಂದರೆ 163. ಇಂಗ್ಲಿಷ್ ಓದುವವರಿಗೆ ಈ ವ್ಯತ್ಯಾಸ ಸೊಗಸಿನ ಮಾತಾದೀತು. ಹತ್ತು ಪಾಯಿಂಟಿನ ಕನ್ನಡದಲ್ಲಿ ಒತ್ತು ಮೇಲಿನ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. 'ಸ್ತ್ರೀ', 'ರಾಷ್ಟ್ರ' ಬಂದಲ್ಲೆಲ್ಲ ಹಿಗ್ಗಿಸಿ ನೋಡಬೇಕಾಗುತ್ತದೆ. ಪುಟವನ್ನು ಪೂರ್ತಿ ತೆರೆಯಲ್ಲಿಟ್ಟುಕೊಂಡು ಕರಡು ತಿದ್ದುವವರಿಗೆ ಫೋರ್‌ಕೆ ಐಷಾರಾಮವಲ್ಲ. ವಿಂಡೋಸ್‌ನಲ್ಲಿ 150 ಪ್ರತಿಶತ ಇಟ್ಟರೆ ಮೆನುಗಳೂ ಹದವಾಗಿರುತ್ತವೆ.

ಯುಎಸ್‌ಬಿ 2.0ದಲ್ಲಿ ಕೀಬೋರ್ಡ್, ಮೌಸ್, ಪ್ರಿಂಟರ್‌ಗೆ ಏನೂ ಕೊರತೆಯಾಗುವುದಿಲ್ಲ. ಎಸ್‌ಎಸ್‌ಡಿ ಒಂದನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ. ಒಂದು ಕೇಬಲ್ ಎರಡಾಯಿತು, ಅಷ್ಟೇ. ಕಣ್ಣಿಗಿಂತ ಮೇಜಿನ ಅಂದ ಹೆಚ್ಚೇ?

ತಂತಿವಾಹಕ:
ಒತ್ತಿನ ವಿಷಯ ಒಪ್ಪಿದೆ. ಆದರೆ ಒಂದು ಮಾತು ಸೇರಿಸಬೇಕು: ಮಾನಿಟರ್‌ನ ಬೆನ್ನಿನ ಇಂಟರ್ನೆಟ್ ಕಿಂಡಿಯೂ ಒಳಗೆ ಯುಎಸ್‌ಬಿ ಅಡಾಪ್ಟರ್‌ನದೇ. 2.0 ಆರಿಸಿದರೆ ಗಿಗಾಬಿಟ್ ಕಿಂಡಿ ಎಂದು ಬರೆದಿದ್ದರೂ ಮುನ್ನೂರು ಮೆಗಾಬಿಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಮನೆಯ ಸಂಪರ್ಕ 100 ಅಥವಾ 200ರದ್ದಾದರೆ ಗೊತ್ತೇ ಆಗುವುದಿಲ್ಲ.

ಪುಟವಿನ್ಯಾಸಿ:
ನನ್ನದು 100ರದ್ದು. ಇನ್ನೊಂದು: ಮನೆಯಾಕೆಯ ಬಳಿ ಎಂ1 ಮ್ಯಾಕ್‌ಬುಕ್ ಏರ್ ಇದೆ. ಅದೇ ಮಾನಿಟರ್, ಅದೇ ಕೀಬೋರ್ಡ್ ಅವರಿಗೂ ಆಗಬೇಕು. ಮುಂದೆ ಎರಡನೇ ಮಾನಿಟರ್ ಸೇರಿಸುವ ಯೋಚನೆಯೂ ಇದೆ. ಇಲ್ಲವಾದರೆ ಸಾದಾ ಮಾನಿಟರ್ ಕೊಂಡು ಪ್ರತ್ಯೇಕ ಡಾಕ್ (ಹಬ್‌ನ ಕೆಲಸ ಮಾಡುವ ಬೇರೆ ಪೆಟ್ಟಿಗೆ) ಇಡುವುದು ಮೇಲೇ?

ಸೇಬಿನ ತೋಟ:
ಎಂ1 ಮ್ಯಾಕ್‌ಬುಕ್ ಏರ್‌ಗೆ ಹೊರಗಿನ ಪರದೆ ಒಂದೇ. ಎಂ3 ಏರ್‌ನಲ್ಲಿ ಮುಚ್ಚಳ ಮುಚ್ಚಿದರೆ ಎರಡು, ಎಂ4ರಲ್ಲಿ ತೆರೆದಿದ್ದರೂ ಎರಡು. ಮಾನಿಟರ್‌ನಿಂದ ಮಾನಿಟರ್‌ಗೆ ಸರಪಳಿಯಾಗಿ ಜೋಡಿಸುವ ಡಿಸ್‌ಪ್ಲೇಪೋರ್ಟ್ ವಿಧಾನ ವಿಂಡೋಸ್‌ನಲ್ಲಿ ನಡೆಯುತ್ತದೆ. ಮ್ಯಾಕ್‌ನಲ್ಲಿ ಎರಡನೇ ಪರದೆ ಮೊದಲನೆಯದರ ನಕಲನ್ನಷ್ಟೇ ತೋರಿಸುತ್ತದೆ. ಡಿಸ್‌ಪ್ಲೇಲಿಂಕ್ ಡಾಕ್‌ನಿಂದ ಈ ಮಿತಿ ದಾಟಬಹುದು, ಆದರೆ ಅದಕ್ಕೆ ಡ್ರೈವರ್ ಹಾಕಬೇಕು. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಆ ಅನುಮತಿ ಸಿಗುವುದೇ ಕಷ್ಟ. ಚಿತ್ರವನ್ನು ಅದುಮಿ ಯುಎಸ್‌ಬಿ ಮೂಲಕ ಕಳಿಸುವುದರಿಂದ ಪ್ರೊಸೆಸರ್‌ಗೂ ಕೆಲಸ ಹೆಚ್ಚು.

ಕೀಬೋರ್ಡ್ ಹಂಚಿಕೊಳ್ಳಲು ಕೆವಿಎಂ (ಒಂದೇ ಕೀಬೋರ್ಡ್, ಮೌಸ್, ಪರದೆಯನ್ನು ಎರಡು ಯಂತ್ರಗಳ ನಡುವೆ ಬದಲಿಸುವ ಸೌಲಭ್ಯ) ಇರುವ ಮಾನಿಟರ್ ನೋಡಿ. ಒಂದು ಯಂತ್ರ ಟೈಪ್-ಸಿಯಲ್ಲಿ, ಇನ್ನೊಂದು ಎಚ್‌ಡಿಎಂಐ ಜೊತೆಗೆ ಒಂದು ಯುಎಸ್‌ಬಿ ಕೇಬಲ್‌ನಲ್ಲಿ. ಮ್ಯಾಕ್‌ಬುಕ್ ಏರ್‌ಗೆ ಎಚ್‌ಡಿಎಂಐ ಕಿಂಡಿ ಇಲ್ಲ, ಚಿಕ್ಕ ಅಡಾಪ್ಟರ್ ಬೇಕು. ಅಥವಾ ಇಬ್ಬರೂ ಒಂದೇ ಟೈಪ್-ಸಿ ಕೇಬಲ್ ಕಿತ್ತು ಸಿಕ್ಕಿಸಿಕೊಳ್ಳಿ, ಖರ್ಚಿಲ್ಲ. ಏರ್‌ನ ಚಾರ್ಜರ್ 30 ವ್ಯಾಟ್‌ನದು, 65 ಅಥವಾ 90 ವ್ಯಾಟ್ ಕೊಡುವ ಮಾನಿಟರ್ ಅದಕ್ಕೆ ಧಾರಾಳ ಸಾಕು.

ತಂತಿವಾಹಕ:
ಪ್ರತ್ಯೇಕ ಡಾಕ್ ಬಗ್ಗೆ: ಮಾನಿಟರ್ ಹತ್ತು ವರ್ಷ ಬಾಳುವ ವಸ್ತು, ಟೈಪ್-ಸಿಯ ನಿಯಮಗಳು ಅದಕ್ಕಿಂತ ಬೇಗ ಬದಲಾಗುತ್ತವೆ. 2021ರಲ್ಲೇ ಚಾರ್ಜಿಂಗ್‌ನ ಮಿತಿ 100ರಿಂದ 240 ವ್ಯಾಟ್‌ಗೆ ಏರಿತು. ಡಾಕ್ ಬೇರೆ ಇದ್ದರೆ ಅದನ್ನಷ್ಟೇ ಬದಲಿಸಬಹುದು. ಆದರೆ ಅಗ್ಗದ ಡಾಕ್‌ಗೂ ಇದೇ ನಾಲ್ಕು ಪಥದ ಕಟ್ಟು ಇದೆ. ಥಂಡರ್‌ಬೋಲ್ಟ್ ಡಾಕ್ ಆ ಕಟ್ಟನ್ನು ಮೀರುತ್ತದೆ, ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಿಂಚೇ ಇಲ್ಲ. ನಿಮಗೆ ಹಬ್ ಇರುವ ಮಾನಿಟರ್ ಸಾಕು. ಫೋರ್‌ಕೆಯೇ ಬೇಕೆಂದರೆ 90 ವ್ಯಾಟ್, ಡಿಸ್‌ಪ್ಲೇಪೋರ್ಟ್ 1.4, ಕೆವಿಎಂ, ಇಂಟರ್ನೆಟ್ ಕಿಂಡಿ ಇರುವುದನ್ನು ಹುಡುಕಿ. ಡೆಲ್ ಯು2723ಕ್ಯೂಇ ಇಂಥದ್ದು. ಈ ಗುಣಗಳಿದ್ದರೆ ಬೇರೆ ಕಂಪನಿಯದಾದರೂ ಆದೀತು. ಮಾದರಿ ಸಂಖ್ಯೆಯ ಪ್ರತಿ ಅಕ್ಷರ ಹೊಂದಿಸಿ ನೋಡಿ, ಏಕೆಂದರೆ ಹಬ್ ಇಲ್ಲದ ತಮ್ಮಂದಿರು ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಮಾರಾಟದಲ್ಲಿರುತ್ತಾರೆ.

ಮಲೆನಾಡಿಗ:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಕರೆಂಟ್ ಹೋದರೆ? ಹಬ್ ಮಾನಿಟರ್ ಆರಿದರೆ ಇಂಟರ್ನೆಟ್, ಎಸ್‌ಎಸ್‌ಡಿ ಎರಡೂ ಒಮ್ಮೆಲೇ ಕಡಿಯುತ್ತವೆ. ನಕಲಾಗುತ್ತಿದ್ದ ಕಡತದ ಗತಿ ದೇವರೇ ಬಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ ಎಂದು ಕೂರಬೇಡಿ. ಮಾನಿಟರ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಮಾನಿಟರ್‌ನ ಸ್ವಂತ ಖರ್ಚಿಗೆ ಲ್ಯಾಪ್‌ಟಾಪ್‌ನ 90 ಸೇರಿಸಿದರೂ ಅದರೊಳಗೇ ಬರುತ್ತದೆ.

ಪುಟವಿನ್ಯಾಸಿ:
ಹಳೆಯದನ್ನು ಹಿಂದಿರುಗಿಸಿ, 90 ವ್ಯಾಟ್‌ನ ಫೋರ್‌ಕೆ ತಂದೆ, ಕೆವಿಎಂ ಸಹಿತ. ಅದರ ಡಬ್ಬಿಯ ಕೇಬಲ್ಲೇ ಹಾಕಿದ್ದೇನೆ. ಮಾನಿಟರ್ ಸ್ವಲ್ಪ ಹತ್ತಿರ ಸರಿಸಿದರೆ ಸಾಕಾಯಿತು. ರಫ್ತು ಮಾಡುವಾಗ ಬ್ಯಾಟರಿ ಇಳಿಯುತ್ತಿಲ್ಲ. ಯುಎಸ್‌ಬಿಯನ್ನು 2.0ದಲ್ಲೇ ಬಿಟ್ಟು ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪ್‌ಗೆ ನೇರ ಜೋಡಿಸಿದೆ. ಒತ್ತುಗಳು ಹಿಗ್ಗಿಸದೆಯೇ ಓದಲು ಬರುತ್ತಿವೆ.

ಒಂದು ತೊಡಕು ಉಳಿದಿದೆ. ರಾತ್ರಿ ಇಂಟರ್ನೆಟ್ ಮೂಲಕ ಬ್ಯಾಕಪ್ ಹಾಕಿ ಮಾನಿಟರ್‌ನ ಗುಂಡಿ ಒತ್ತಿ ಮಲಗುತ್ತೇನೆ. ಬೆಳಿಗ್ಗೆ ನೋಡಿದರೆ ಬ್ಯಾಕಪ್ ನಿಂತಿರುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ಖಾಲಿ.

ತಂತಿವಾಹಕ:
ಗುಂಡಿ ಒತ್ತಿದಾಗ ಹಬ್ ಕೂಡ ಮಲಗುತ್ತಿದೆ. ಮಾನಿಟರ್ ಮೆನುವಿನಲ್ಲಿ ಆರಿದ ಮೇಲೂ ಟೈಪ್-ಸಿ ಚಾರ್ಜಿಂಗ್ ಮುಂದುವರಿಸುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಇಂಟರ್ನೆಟ್ ಕಿಂಡಿ ಆಗಲೂ ನಿಲ್ಲುವುದಾದರೆ ಗುಂಡಿ ಒತ್ತಬೇಡಿ. ವಿಂಡೋಸ್‌ನಲ್ಲಿ ಪರದೆ ಆರುವ ಸಮಯ ಐದು ನಿಮಿಷಕ್ಕಿಟ್ಟು, ಸ್ಲೀಪ್ ಎಂಬುದನ್ನು 'ಎಂದಿಗೂ ಬೇಡ' ಮಾಡಿ. ಮುಚ್ಚಳ ಮುಚ್ಚಿಡುವವರಾದರೆ ಅದಕ್ಕೂ 'ಏನೂ ಮಾಡಬೇಡ' ಆರಿಸಿ. ಇಂದು ರಾತ್ರಿ ಹಾಗೆ ಬಿಟ್ಟು ನೋಡಿ.

ಪುಟವಿನ್ಯಾಸಿ:
ಚಾರ್ಜಿಂಗ್ ಉಳಿಯಿತು, ಇಂಟರ್ನೆಟ್ ಉಳಿಯಲಿಲ್ಲ. ಗುಂಡಿ ಒತ್ತುವುದನ್ನು ಬಿಟ್ಟ ಮೇಲೆ ಬ್ಯಾಕಪ್ ಪೂರ್ತಿಯಾಗುತ್ತಿದೆ. ಬಗೆಹರಿದಿದೆ ಎಂದು ಗುರುತು ಹಾಕುತ್ತಿದ್ದೇನೆ.