36 ಕಿಲೋವ್ಯಾಟ್ ಎಲೆಕ್ಟ್ರಿಕ್ ಸ್ಟೀಮ್ ಜನರೇಟರ್: ಬಳಸಿದವರ ಅನುಭವ ಬೇಕು

ಹೊಸಲಾಂಡ್ರಿ: ಇಸ್ತ್ರಿ ಟೇಬಲ್‌ಗಳಿಗೆ ತಗೊಳ್ಳಬೇಕು ಅಂತಿದ್ದೇನೆ. ನಮ್ಮದು ಗಡಸು ನೀರು. 36 ಸಾಕಾ? ಸೇಫ್ಟಿಗೆ ಏನೇನು ನೋಡಬೇಕು?

ಸುಟ್ಟಎಲಿಮೆಂಟ್: ನೀರಿನ ವಿಷಯ ನನ್ನನ್ನು ಕೇಳಿ. ಒಂದೂವರೆ ವರ್ಷದಲ್ಲಿ ಐದು ಎಲಿಮೆಂಟ್ (ನೀರು ಕಾಯಿಸುವ ಹೀಟರ್ ರಾಡ್) ಹೋದವು. ಮೊದಲನೆಯದು ನಾಲ್ಕೇ ತಿಂಗಳು. ಬಿಚ್ಚಿದರೆ ಮೈತುಂಬಾ ಸುಣ್ಣದ ಕಲ್ಲು. ಶಾಖ ನೀರಿಗೆ ದಾಟದೆ ಒಳಗೊಳಗೇ ಸುಟ್ಟಿತ್ತು. ಎರಡನೆಯದಕ್ಕೆ ಒಂಬತ್ತು ದಿನ ಕೆಲಸ ಬಂದ್, ಗ್ಯಾಸ್ಕೆಟ್ ಬೇರೆ ಹರಿಯಿತು. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದೆ, ಅದಕ್ಕೆ ಉಪ್ಪು ತುಂಬುವುದು ಮರೆತೆ. ಮೂರನೆಯದೂ ಹೋಯಿತು. ಉಳಿದೆರಡರ ಕಥೆ ಬೇಡ ಬಿಡಿ. ಈಗ ದಿನಾ ಸಂಜೆ ಬ್ಲೋಡೌನ್ ಮಾಡಿಯೇ, ಅಂದರೆ ತಳದ ಕೊಳೆ ನೀರು ಹೊರಬಿಟ್ಟೇ, ಮನೆಗೆ ಹೋಗುವುದು.

ಶುದ್ಧನೀರು: ಸಾಫ್ಟ್‌ನರ್ ಯಾಕೆ, ಡಿಎಂ ನೀರೇ (ಲವಣಗಳನ್ನೆಲ್ಲ ತೆಗೆದ ನೀರು) ಹಾಕಿ ಅಂತ ಒಬ್ಬರು ಹೇಳಿದ್ದರು. ಹಾಕಿದೆ. ನೀರಿನ ಮಟ್ಟ ನೋಡುವ ಲೆವೆಲ್ ಪ್ರೋಬ್‌ಗೆ ನೀರು ಕಾಣಲೇ ಇಲ್ಲ! ನೀರಿನಲ್ಲಿ ಕರೆಂಟ್ ಹರಿದರೆ ತಾನೇ ಅದಕ್ಕೆ ಗೊತ್ತಾಗುವುದು? ನೀರಿಲ್ಲ ಅಂತ ಹೀಟರ್ ಆಫ್, ಪಂಪ್ ಮಾತ್ರ ನಿಲ್ಲದು. ಸ್ಟೀಮ್ ಲೈನ್ ತುಂಬಾ ನೀರು. ಕೊನೆಗೆ ಸಾಫ್ಟ್‌ನರ್‌ಗೇ ಬಂದೆ. ಅದು ಸುಣ್ಣದಂಶ ತೆಗೆದು ಸೋಡಿಯಂ ಬಿಡುತ್ತದೆ, ಪ್ರೋಬ್ ಕೆಲಸ ಮಾಡುತ್ತದೆ.

ಹಳೇಬಾಯ್ಲರ್: ಮ್ಯಾನುಯಲ್ ಓದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?

ಶುದ್ಧನೀರು: ಓದಿದ್ದೆ ಸ್ವಾಮಿ. ನಿಮ್ಮ ಹಾಗೆ ಹುಟ್ಟುತ್ತಲೇ ಬಾಯ್ಲರ್ ಕಲಿತು ಬಂದವನಲ್ಲ ನಾನು.

ಹಳೇಬಾಯ್ಲರ್: ಎಲಿಮೆಂಟ್ ಸುಟ್ಟರೆ ಬದಲಾಯಿಸಬಹುದು. ನಮ್ಮಲ್ಲಿ ಕಾಂಟ್ಯಾಕ್ಟರ್ (ಹೀಟರ್‌ಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್) ಅಂಟಿಕೊಂಡಿತ್ತು. ಪ್ರೆಶರ್ ಸ್ವಿಚ್ ಆಫ್ ಅಂದರೂ ಹೀಟರ್ ಉರಿಯುತ್ತಲೇ ಇತ್ತು. ಸೇಫ್ಟಿ ವಾಲ್ವ್ ತೆರೆದು ಸ್ಟೀಮ್ ಹೊರಬಿಟ್ಟಿದ್ದರಿಂದ ಬದುಕಿದೆವು. ಏಳು ಬಾರ್ ಒತ್ತಡದಲ್ಲಿ ಒಳಗಿನ ನೀರು ಸುಮಾರು 170 ಡಿಗ್ರಿ ಇರುತ್ತದೆ, ಆಟ ಅಲ್ಲ. ಮೇಲೊಂದು ಪ್ರತ್ಯೇಕ ಹೈ ಲಿಮಿಟ್ (ಒತ್ತಡ ಮಿತಿ ಮೀರಿದರೆ ಹೀಟರ್ ಆಫ್ ಮಾಡುವ ಸ್ವಿಚ್) ಇರಲಿ. ಅದು ಬೇರೆಯದೇ ಒಂದು ಕಾಂಟ್ಯಾಕ್ಟರನ್ನು ಆಫ್ ಮಾಡಬೇಕು, ಕೈಯಿಂದ ರೀಸೆಟ್ ಮಾಡುವಂಥದ್ದು.

ಸುಟ್ಟಎಲಿಮೆಂಟ್: ಸೇಫ್ಟಿ ವಾಲ್ವ್ ಕೆಲಸ ಮಾಡುತ್ತಾ ಅಂತ ಲಿವರ್ ಎಳೆದು ನೋಡಿ ಅಂತಾರೆ. ನಾನು ಎಳೆದೆ, ಮತ್ತೆ ಸರಿಯಾಗಿ ಕೂರಲೇ ಇಲ್ಲ. ಹನ್ನೊಂದು ದಿನ ಸೋರಿತು. ಕೊನೆಗೆ ವಾಲ್ವ್ ಜಾಗಕ್ಕೆ ಪ್ಲಗ್ ಹಾಕಿ ಮುಚ್ಚಿ ಕೆಲಸ ಮುಗಿಸಿದೆ.

ಹಳೇಬಾಯ್ಲರ್: ಪ್ಲಗ್ಗಾ?! ಅದು ಬಾಯ್ಲರ್ ಅಲ್ಲ, ಬಾಂಬು. ಇವರ ಮಾತು ಯಾರೂ ಕೇಳಬೇಡಿ.

ಸುಟ್ಟಎಲಿಮೆಂಟ್: ಎರಡೇ ದಿನ, ಹೊಸ ವಾಲ್ವ್ ಬರುವವರೆಗೆ. ಸುಮ್ನೆ ಕೂಗಾಡಬೇಡಿ.

ಹೊಸಲಾಂಡ್ರಿ: 36 ಸಾಕಾ ಅಂತ ಕೇಳಿದ್ದೆ...

ಶುದ್ಧನೀರು: ತಣ್ಣೀರಿನಿಂದ ಒಂದು ಕೆಜಿ ಸ್ಟೀಮ್‌ಗೆ 0.7 ಯೂನಿಟ್ ಚಿಲ್ಲರೆ ಕರೆಂಟ್ ಬೇಕು. ಗಂಟೆಗೆ ಐವತ್ತು ಕೆಜಿ ಹತ್ರ ಬರುತ್ತದೆ. ಟೇಬಲ್ ಎಷ್ಟು ಅಂತ ನೀವೇ ಹೇಳಿಲ್ಲ.

ಹಳೇಬಾಯ್ಲರ್: ಆ ಎರಡು ದಿನ ಆಪರೇಟರ್ ಎಲ್ಲಿ ನಿಂತಿದ್ದ, ಅದನ್ನು ಮೊದಲು ಹೇಳಿ.