ಹಲ್ಲನ್ನು ‘ಉಜ್ಜು’ವುದೋ ‘ಹೆರೆ’ಯುವುದೋ? ಬ್ರಿಡ್ಜ್ ಚಿಕಿತ್ಸೆಯ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹಲ್ಲಿಗೆ ಬ್ರಿಡ್ಜ್ (ಹೋದ ಹಲ್ಲಿನ ಜಾಗದಲ್ಲಿ ಅಕ್ಕಪಕ್ಕದ ಹಲ್ಲುಗಳ ಆಸರೆಯಿಂದ ನಿಲ್ಲುವ ಕಟ್ಟಿದ ಹಲ್ಲು) ಕೂರಿಸುವ ಮುನ್ನ ರೋಗಿಗಳ ಕೈಗೆ ಕೊಡುವ ಮಾಹಿತಿ ಪತ್ರವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದನ್ನು ಓದಿ ಅವರು ಒಪ್ಪಿಗೆಯ ಸಹಿ ಹಾಕಬೇಕು. ಹಾಗಾಗಿ ಬಾಯೊಳಗೆ ಏನು ನಡೆಯಲಿದೆ ಎಂಬುದು ಅನುಮಾನಕ್ಕೆಡೆಯಿಲ್ಲದಂತೆ ತಿಳಿಯಬೇಕು. ಮುಖ್ಯವಾಗಿ ಒಂದು ಕ್ರಿಯಾಪದ ನನ್ನನ್ನು ಕಾಡುತ್ತಿದೆ.

ಕೆಳದವಡೆಯ ಮೊದಲ ದವಡೆ ಹಲ್ಲು ಹೋಗಿದೆ ಎಂದಿಟ್ಟುಕೊಳ್ಳಿ. ಸುಮಾರು 6ನೇ ವಯಸ್ಸಿಗೇ ಹುಟ್ಟುವ ಈ ಹಲ್ಲು ಹುಳುಕಾಗಿ ಹೋಗುವುದು ಸಾಮಾನ್ಯ. ಜಾಗವನ್ನು ಖಾಲಿ ಬಿಟ್ಟರೆ ಕ್ರಮೇಣ ಹಿಂದಿನ ಹಲ್ಲು ಮುಂದಕ್ಕೆ ವಾಲಬಹುದು, ಮೇಲಿನದು ಕೆಳಕ್ಕೆ ಇಳಿಯಬಹುದು. ಬ್ರಿಡ್ಜ್ ಮಾಡುವಾಗ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ಸುಮಾರು 1ರಿಂದ 2 ಮಿಲಿಮೀಟರಿನಷ್ಟು ಸಣ್ಣ ಮಾಡಿ, ಅಳತೆ ತೆಗೆದು, ಲ್ಯಾಬಿನಲ್ಲಿ ಮೂರು ಹಲ್ಲುಗಳನ್ನು ಒಂದೇ ತುಂಡಾಗಿ ಮಾಡಿಸಿ ಸಿಮೆಂಟಿನಿಂದ ಅಂಟಿಸುತ್ತಾರೆ. ಆ ಎರಡು ಹಲ್ಲುಗಳು ಪೂರ್ತಿ ಗಟ್ಟಿಯಾಗಿದ್ದರೂ ಅವುಗಳ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ರೋಗಿ ಒಪ್ಪಬೇಕಾದದ್ದು ಮುಖ್ಯವಾಗಿ ಇದಕ್ಕೇ.

ಈ ಸಣ್ಣ ಮಾಡುವ ಕೆಲಸಕ್ಕೆ ಏನೆನ್ನೋಣ? ‘ಪಕ್ಕದ ಹಲ್ಲುಗಳನ್ನು ಉಜ್ಜಲಾಗುವುದು’ ಎಂದು ಬರೆದರೆ ಓದುವವರಿಗೆ ಬ್ರಶ್ಶು, ಪೇಸ್ಟು ನೆನಪಾಗುತ್ತವೆ. ‘ತಿಕ್ಕು’ ಪದಕ್ಕೂ ಅದೇ ಗತಿ. ‘ಮಸೆ’, ‘ಕಡಿ’ ಎರಡೂ ಸಿಟ್ಟಿನ ಪಾಲಾಗಿವೆ. ‘ಕೊರೆ’ ಎಂದರೆ ಹುಳುಕು ತುಂಬಲು ತೂತು ಮಾಡಿದಂತೆ. ‘ಸವೆಸು’ ಅರ್ಥಕ್ಕೆ ಹತ್ತಿರವಿದೆ, ಆದರೆ ಅದರಲ್ಲಿ ವರ್ಷಗಟ್ಟಲೆ ತನ್ನಷ್ಟಕ್ಕೆ ನಡೆಯುವ ಸವೆತದ ಛಾಯೆ ಇದೆ. ವೈದ್ಯರು ಯಂತ್ರ ಹಿಡಿದು ಮಾಡುತ್ತಾರೆ ಎಂಬುದು ಅದರಲ್ಲಿ ಮಸುಕಾಗುತ್ತದೆ.

ನನ್ನ ಮನಸ್ಸು ‘ಹೆರೆ’ಯತ್ತ ವಾಲುತ್ತಿದೆ. ಕರಾವಳಿಯಲ್ಲಿ ಹೆರೆಮಣೆಯ ಮೇಲೆ ತೆಂಗಿನಕಾಯಿ ಹೆರೆಯುತ್ತಾರೆ. ಮೇಲಿನ ಪದರ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂಬ ಎರಡು ಅಂಶಗಳೂ ಆ ಪದದಲ್ಲಿವೆ. ಒಂದೇ ಅಳುಕು: ಅವಸರದಲ್ಲಿ ಓದುವವರು ‘ಹೆರೆಯುವುದು’ ಎಂಬುದನ್ನು ‘ಹೆರುವುದು’ ಎಂದುಕೊಂಡಾರು.

ನಾಮಪದಗಳದು ಅಷ್ಟು ಕಷ್ಟವಲ್ಲ. ‘ದಂತಸೇತುವೆ’ ಎಂಬ ಪದ ನನಗೆ ಬೇಡ. ಚಿಕಿತ್ಸಾಲಯದಲ್ಲಿ ಎಲ್ಲರೂ ಬ್ರಿಡ್ಜ್ ಎಂದೇ ಹೇಳುತ್ತಾರೆ, ಹಾಗೆಯೇ ಇರಲಿ. ‘ಹಲ್ಲು ಕಟ್ಟಿಸುವುದು’ ಎಂಬ ನಮ್ಮ ಮಾತು ಸೊಗಸಾಗಿದೆ, ಆದರೆ ರಾತ್ರಿ ತೆಗೆದು ನೀರಿನಲ್ಲಿಡುವ ಸೆಟ್ಟಿಗೂ ಅದೇ ಮಾತು ಸಲ್ಲುತ್ತದೆ. ‘ತೆಗೆಯಲಾಗದಂತೆ ಕಟ್ಟಿದ ಹಲ್ಲು’ ಎಂದು ಒಮ್ಮೆ ವಿವರಿಸಿದರೆ ಸಾಕು. ಅಬಟ್‌ಮೆಂಟ್ ಎನ್ನುವ ಅಕ್ಕಪಕ್ಕದ ಹಲ್ಲುಗಳಿಗೆ ‘ಆಸರೆ ಹಲ್ಲು’ ಚೆನ್ನಾಗಿ ಒಪ್ಪುತ್ತದೆ. ಕ್ರೌನ್ ಎಂಬುದಕ್ಕೆ ‘ಕಿರೀಟ’ ಎಂದು ಹಾಕಿದರೆ, ಒಸಡಿನ ಮೇಲೆ ಕಾಣುವ ಸಹಜ ಹಲ್ಲಿನ ಭಾಗವೋ ಅದರ ಮೇಲೆ ಹಾಕುವ ಹೊದಿಕೆಯೋ ಎಂಬ ಗೊಂದಲ ಹುಟ್ಟುತ್ತದೆ. ಜನ ‘ಕ್ಯಾಪ್’ ಎನ್ನುತ್ತಾರೆ, ನಾನೂ ಅದನ್ನೇ ಬಳಸುತ್ತೇನೆ.

ನಡುವಿನ ಹಲ್ಲಿಗೆ ದಂತವೈದ್ಯರು ಪಾಂಟಿಕ್ ಎನ್ನುತ್ತಾರೆ. ಸೇತುವೆ ಎಂಬ ಅರ್ಥದ ‘ಪಾನ್ಸ್’ ಎಂಬ ಲ್ಯಾಟಿನ್ ಪದದಿಂದ ಬಂದದ್ದು ಅದು. ಅದಕ್ಕೆ ಬೇರಿಲ್ಲ, ಕೆಳಗೆ ಒಸಡಿನ ಪಕ್ಕ ಆಹಾರ ಸಿಕ್ಕಿಕೊಳ್ಳುತ್ತದೆ, ದಿನವೂ ಫ್ಲಾಸ್ ದಾರವನ್ನೋ ಸಣ್ಣ ಬ್ರಶ್ಶನ್ನೋ ತೂರಿಸಿ ಶುಚಿ ಮಾಡಬೇಕು. ‘ಬದಲಿ ಹಲ್ಲು’ ಎಂದರೆ ಈ ಎಚ್ಚರಿಕೆ ಹೊಳೆಯುವುದಿಲ್ಲ. ‘ಬೇರಿಲ್ಲದ ಹಲ್ಲು’ ಎಂದರೆ ಹೊಳೆಯುತ್ತದೆಯೇ?

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಗಳಲ್ಲಿ ‘ಹೆರೆ’ ಬಳಕೆಯಲ್ಲಿದೆಯೇ, ಇದ್ದರೆ ಯಾವ ಕೆಲಸಕ್ಕೆ? ಇಲ್ಲವಾದರೆ, ಗಟ್ಟಿ ವಸ್ತುವನ್ನು ಸುತ್ತಲೂ ತೆಗೆದು ಸಣ್ಣ ಮಾಡುವುದಕ್ಕೆ ನೀವು ಏನನ್ನುತ್ತೀರಿ? ಅಕ್ಕಸಾಲಿಗರ, ಬಡಗಿಗಳ ಮಾತೂ ಆದೀತು.