ಲವಂಗದೆಣ್ಣೆಯ ಸಂದೇಶ: ನಮ್ಮ ಮನೆತನದ ಗುಂಪಿನಲ್ಲಿ ನಡೆದ ಚರ್ಚೆ

ಶಿರಸಿಯ ದೊಡ್ಡಪ್ಪ: (ಬಂದ ಸಂದೇಶ) "ಲವಂಗದೆಣ್ಣೆ ಹಚ್ಚಿದರೆ ಹುಳುಕಡ್ಡಿ ಮೂರೇ ದಿನಗಳಲ್ಲಿ ಮಾಯ. ಒಂದು ಚಮಚ ಕುಡಿದರೆ ಹೊಟ್ಟೆಯ ಯಾವ ತೊಂದರೆಯೂ ನಿಲ್ಲದು. ಮಕ್ಕಳಿಗೂ ಕೊಡಬಹುದು." ಮಳೆಗಾಲದಲ್ಲಿ ತೋಟದ ಕೆಸರಿನಲ್ಲೇ ಇರುವ ನಮಗೆ ಉಪಯೋಗವಾದೀತೆಂದು ಕಳಿಸಿದ್ದೇನೆ.

ಕಾರವಾರದ ಅಕ್ಕ: ದೊಡ್ಡಪ್ಪ, ದಯವಿಟ್ಟು ಇದನ್ನು ಬೇರೆಯವರಿಗೆ ಕಳಿಸಬೇಡಿ. ಲವಂಗದಲ್ಲಿ ಗುಣವಿಲ್ಲವೆಂದು ನಾನು ಹೇಳುತ್ತಿಲ್ಲ. ಅದರ ಎಣ್ಣೆಯ ಬಹುಪಾಲು ಯೂಜಿನಾಲ್ ಎಂಬ ವಸ್ತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ಹುಳುಕಡ್ಡಿ ತರುವ ಶಿಲೀಂಧ್ರದ ಜೀವಕೋಶದ ಪೊರೆಯನ್ನು ಕೆಡಿಸಿ ಬೆಳವಣಿಗೆಯನ್ನು ತಡೆಯುವುದು ನಿಜ. ಆದರೆ ಆ ತಟ್ಟೆಯಲ್ಲಿ ಶಿಲೀಂಧ್ರವಷ್ಟೇ ಇರುತ್ತದೆ, ಮನುಷ್ಯನ ಚರ್ಮವಿರುವುದಿಲ್ಲ.

ಶಿರಸಿಯ ದೊಡ್ಡಪ್ಪ: ಹಲ್ಲುನೋವಿಗೆ ಲವಂಗ ಕಚ್ಚಿಕೊಳ್ಳಲು ನಮ್ಮ ಆಯಿ ಹೇಳುತ್ತಿದ್ದರಲ್ಲ? ಹಲ್ಲಿನ ಡಾಕ್ಟರರೂ ಅದನ್ನೇ ಬಳಸುತ್ತಾರೆಂದು ಕೇಳಿದ್ದೇನೆ.

ಕಾರವಾರದ ಅಕ್ಕ: ಆಯಿ ಹೇಳಿದ್ದು ಸರಿ. ಯೂಜಿನಾಲನ್ನು ಸತುವಿನ ಆಕ್ಸೈಡ್ ಪುಡಿಯೊಡನೆ ಕಲಸಿ ದಂತವೈದ್ಯರು ಹಲ್ಲಿಗೆ ತುಂಬುತ್ತಾರೆ. ಅದು ನೋವನ್ನು ಮರಗಟ್ಟಿಸುತ್ತದೆ. ಅಪಾಯವಿರುವುದೂ ಅಲ್ಲಿಯೇ. ಹೋದ ಆಷಾಢದಲ್ಲಿ ನಮ್ಮವರು ಕಾಲ್ಬೆರಳ ಸಂದಿಗೆ ಈ ಎಣ್ಣೆಯನ್ನು ಏನೂ ಬೆರೆಸದೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡು ಮಲಗಿದರು. ತುರಿಕೆ ನಿಂತಿತೆಂದು ಸಂತೋಷಪಟ್ಟವರು ಬೆಳಿಗ್ಗೆ ಹತ್ತಿ ತೆಗೆದರೆ, ನೆನೆದು ಬೆಳ್ಳಗಾಗಿದ್ದ ಚರ್ಮ ಅದರೊಂದಿಗೇ ಕಿತ್ತುಬಂದು ಕೆಳಗೆ ಕೆಂಪು ಮಾಂಸ ಕಾಣುತ್ತಿತ್ತು. ಸುಡುತ್ತಿದ್ದದ್ದು ಮರಗಟ್ಟಿದ ಬೆರಳಿಗೆ ತಿಳಿಯಲೇ ಇಲ್ಲ.

ದೊಡ್ಡಪ್ಪ, ಅಡಿಕೆಗೆ ಕೊಳೆ ಬಂತೆಂದು ನೀವು ತಾಮ್ರದ ಉಪ್ಪಾದ ಮೈಲುತುತ್ತನ್ನು ಹಾಗೆಯೇ ಗೊನೆಗೆ ಸುರಿಯುತ್ತೀರಾ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತೂಗಿ, ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಬಣ್ಣ ಅಂಟಿದರೆ ಇನ್ನಷ್ಟು ಸುಣ್ಣ ಬೆರೆಸುವವರು ನೀವೇ. ಮರಕ್ಕೆ ಅಷ್ಟು ಎಚ್ಚರ ವಹಿಸುವ ಮನೆಯಲ್ಲಿ ಮಗುವಿನ ಹೊಟ್ಟೆಗೆ "ಒಂದು ಚಮಚ" ಎಂದು ಬರೆದದ್ದನ್ನು ನಾವು ಹೇಗೆ ಒಪ್ಪುವುದು? ಒಂದೆರಡು ಚಮಚ ಲವಂಗದೆಣ್ಣೆ ಒಳಗೆ ಹೋಗಿ ಚಿಕ್ಕ ಮಕ್ಕಳು ಪ್ರಜ್ಞೆ ತಪ್ಪಿದ, ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಕುಮಟಾದ ಅತ್ತೆ: ಹಾಗಾದರೆ ಕಷಾಯಕ್ಕೂ ಲವಂಗ ಹಾಕಬಾರದೇ? ಹೊಟ್ಟೆಯುಬ್ಬರಕ್ಕೆ ಜೀರಿಗೆಯೊಂದಿಗೆ ಎರಡು ಲವಂಗ ಜಜ್ಜಿ ಕುದಿಸುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ.

ಕಾರವಾರದ ಅಕ್ಕ: ಧಾರಾಳವಾಗಿ ಹಾಕಿ, ಅತ್ತೆ. ಎರಡು ಮೊಗ್ಗಿನ ಕಷಾಯ ಬೇರೆ, ನೂರಾರು ಮೊಗ್ಗಿನ ಸಾರವನ್ನು ಇಳಿಸಿದ ಬಾಟಲಿ ಬೇರೆ. ಆದರೆ ವಾಂತಿಭೇದಿ ಹತ್ತಿದಾಗ ಕಷಾಯವನ್ನು ನೆಚ್ಚಿ ಕೂರಬೇಡಿ. ಆಗ ದೇಹಕ್ಕೆ ಬೇಕಾದದ್ದು ಕಳೆದುಹೋದ ನೀರು ಮತ್ತು ಉಪ್ಪು. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಶಿರಸಿಯ ದೊಡ್ಡಪ್ಪ: ಹುಳುಕಡ್ಡಿಗೆ ಅಂಗಡಿಯವನು ಕೊಡುವ ಟ್ಯೂಬಿಗಿಂತ ಇದೇ ಮೇಲೆಂದು ನನಗನಿಸಿತ್ತು. ಆ ಟ್ಯೂಬು ಹಚ್ಚಿದರೆ ವಾರದಲ್ಲಿ ಇಳಿದು, ಬಿಟ್ಟೊಡನೆ ಇಮ್ಮಡಿಯಾಗುತ್ತದೆ.

ಕಾರವಾರದ ಅಕ್ಕ: ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ದೊಡ್ಡಪ್ಪ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸಿ ಶಿಲೀಂಧ್ರವನ್ನು ಒಳಗೊಳಗೇ ಹಬ್ಬಲು ಬಿಡುತ್ತದೆ. ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ವಾರ, ಕಲೆ ಮಾಸಿದ ಮೇಲೂ ಔಷಧ ಮುಂದುವರಿಸಬೇಕು. ಗದ್ದೆತೋಟದಿಂದ ಬಂದೊಡನೆ ಕಾಲ್ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿಕೊಳ್ಳಿ, ಒಂದೇ ಟವೆಲನ್ನು ಮನೆಮಂದಿಯೆಲ್ಲ ಬಳಸಬೇಡಿ.

ಕುಮಟಾದ ಅತ್ತೆ: ನಮ್ಮಲ್ಲಿ ಆ ಎಣ್ಣೆಯ ಬಾಟಲಿ ಮೊಮ್ಮಗುವಿನ ಗ್ರೈಪ್ ವಾಟರ್ ಪಕ್ಕದಲ್ಲೇ ಇತ್ತು. ಈಗಷ್ಟೇ ಎತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದೆ.

ಶಿರಸಿಯ ದೊಡ್ಡಪ್ಪ: ಇಲ್ಲಿಂದ ಅಳಿಸಿದ್ದೇನೆ. ಊರಿನ ತೋಟಿಗರ ಗುಂಪಿಗೂ ಕಳಿಸಿಬಿಟ್ಟಿದ್ದೆ; ಮಕ್ಕಳಿಗೆ ಕೊಡಬೇಡಿ ಎಂದು ಅಲ್ಲಿಯೂ ಈಗಲೇ ಬರೆಯುತ್ತೇನೆ.